ಹೆಬ್ಬಾಳದ ಗೋಡೆಯೂ 617 ಅಂಕೆಯ ಬೀಗವೂ

2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆಧಾರ್ ಪ್ರಕರಣದ ವಿಚಾರಣೆ ನಡೆಸುತ್ತಿತ್ತು. ಜನರ ಮಾಹಿತಿ 13 ಅಡಿ ಎತ್ತರದ, 5 ಅಡಿ ದಪ್ಪದ ಗೋಡೆಗಳ ಹಿಂದೆ ಭದ್ರವಾಗಿದೆ ಎಂದರು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್. ಮಾತು ಹೊರಬಿದ್ದದ್ದೇ ತಡ, ಗೋಡೆಯ ಮೇಲಿನ ಜೋಕುಗಳು ಶುರುವಾದವು. ಅದೇ ವಾರ ಆಧಾರ್ ಪ್ರಾಧಿಕಾರದ ಸಿಇಒ ಅಜಯ್ ಭೂಷಣ್ ಪಾಂಡೆ ಅದೇ ಪೀಠದೆದುರು ಪರದೆ ಹಾಕಿ ವಿವರಣೆ ಕೊಟ್ಟರು. ನಮ್ಮದು 2048 ಬಿಟ್‌ನ ಗೂಢಲಿಪಿ, ಅದರ ಒಂದು ಕೀಲಿ ಒಡೆಯಲು ಭೂಮಿಯ ಮೇಲಿನ ಅತಿವೇಗದ ಕಂಪ್ಯೂಟರಿಗೂ ವಿಶ್ವದ ವಯಸ್ಸಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ಅವರ ಮಾತಿನ ಸಾರ. ಈ ಮಾತಿಗೆ ಯಾರೂ ನಗಲಿಲ್ಲ. ಗೋಡೆ ಎಲ್ಲರಿಗೂ ಗೊತ್ತು, 2048 ಬಿಟ್ ಎಂದರೇನೆಂದು ಗೊತ್ತಿದ್ದವರು ಕಡಿಮೆ.

ಈ ಪ್ರಕರಣಕ್ಕೂ ಬೆಂಗಳೂರಿಗೂ ಹಳೇ ನಂಟು. 2012ರಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಬಂದ ತೀರ್ಪು ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿಯೂ ಬೆಂಗಳೂರಿನವರೇ. ಇನ್ನು ಆ ಮಾಹಿತಿ ಇರುವ ಜಾಗದ ವಿಷಯ. ಆಧಾರ್‌ನ ಎರಡು ದತ್ತಾಂಶ ಕೇಂದ್ರಗಳಲ್ಲಿ ಒಂದು ಹರಿಯಾಣದ ಮಾನೇಸರ್‌ನಲ್ಲಿದ್ದರೆ ಇನ್ನೊಂದು ನಮ್ಮ ಹೆಬ್ಬಾಳದಲ್ಲಿ. ಕಾಗದಪತ್ರಗಳಲ್ಲಿ ಹೆಬ್ಬಾಳ ಎಂದಿದ್ದರೂ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರದ ವಿಳಾಸ ಕೊಡಿಗೇಹಳ್ಳಿ, ಟಾಟಾನಗರದ ಎನ್‌ಟಿಐ ಬಡಾವಣೆ, ಪಿನ್ 560092. ವಿಮಾನ ನಿಲ್ದಾಣದ ರಸ್ತೆಯಲ್ಲಿ ಓಡಾಡುವ ಲಕ್ಷಾಂತರ ಜನರಿಗೆ, ತಮ್ಮ ಬೆರಳಚ್ಚು ಇಲ್ಲೇ ಎಡಬಲದಲ್ಲೆಲ್ಲೋ ಇದೆ ಎಂಬ ಯೋಚನೆ ಬರುವುದಿಲ್ಲ. ಹೆಬ್ಬಾಳ ಫ್ಲೈಓವರ್ ದಾಟುವುದೇ ಅವರಿಗೆ ದೊಡ್ಡ ಚಿಂತೆ.

ಗೋಡೆಯ ಮಾತನ್ನು ಅಲ್ಲಿಗೇ ಬಿಟ್ಟು ಬೀಗ ನೋಡೋಣ. ಆ ಬೀಗ ಒಂದು ಸಂಖ್ಯೆ, 617 ಅಂಕೆಗಳದ್ದು. ತಲಾ 309 ಅಂಕೆಗಳ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ಸಿಗುವ ಗುಣಲಬ್ಧ ಅದು. ಗುಣಲಬ್ಧ ಬಹಿರಂಗ, ಯಾರು ಬೇಕಾದರೂ ನೋಡಬಹುದು. ಅದರ ಎರಡು ಅಪವರ್ತನಗಳು ಮಾತ್ರ ಗುಟ್ಟು. ಕಂಪ್ಯೂಟರಿನವರು 2048 ಬಿಟ್ ಎನ್ನುವುದು ಇದಕ್ಕೇ. ಎರಡರ ಪದ್ಧತಿಯಲ್ಲಿ ಬರೆದರೆ ಆ ಗುಣಲಬ್ಧಕ್ಕೆ 2048 ಅಂಕೆಗಳು ಬೇಕಾಗುತ್ತವೆ.

ಅವಿಭಾಜ್ಯ ಎಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಎಂದು ಐದಾರನೇ ತರಗತಿಯಲ್ಲಿ ಓದಿದ್ದೇವೆ. ಇಂಥವು ಎಷ್ಟು ಅಪರೂಪ? ಉತ್ತರ ಬೆಂಗಳೂರಿನ ಪಿನ್ ಕೋಡುಗಳನ್ನೇ ತೆಗೆದುಕೊಳ್ಳಿ. ಹೆಬ್ಬಾಳ 560024, ಯಲಹಂಕ 560064, ಆರ್.ಟಿ. ನಗರ 560032, ಯಶವಂತಪುರ 560022 ಎಲ್ಲವೂ ಸಮಸಂಖ್ಯೆಗಳು, ಮೊದಲ ನೋಟಕ್ಕೇ ಬಿದ್ದುಹೋದವು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯದ್ದು 560065, ಅದು 5ಕ್ಕೆ ಬಿತ್ತು. ಜಾಲಹಳ್ಳಿಯ 560013 ಮತ್ತು ವಿದ್ಯಾರಣ್ಯಪುರದ 560097ರ ಅಂಕೆಗಳನ್ನು ಕೂಡಿ ನೋಡಿ, 15 ಮತ್ತು 27 ಬರುತ್ತವೆ, ಎರಡೂ 3ರಿಂದ ಭಾಗವಾಗುತ್ತವೆ. ಯಲಹಂಕ ವಾಯುನೆಲೆಯ 560063 ಸ್ವಲ್ಪ ಹೊತ್ತು ತಡೆದು ನಿಲ್ಲುತ್ತದೆ. ಆದರೆ 7 × 80009 ಎಂದು ಹೊಳೆದೊಡನೆ ಅದೂ ಹೋಯಿತು.

ಇದರಲ್ಲಿ ಆಶ್ಚರ್ಯವೇನಿಲ್ಲ. ಐದೂವರೆ ಲಕ್ಷದ ಆಸುಪಾಸಿನಲ್ಲಿ ಸುಮಾರು 13 ಸಂಖ್ಯೆಗೆ ಒಂದು ಮಾತ್ರ ಅವಿಭಾಜ್ಯ. ಸಂಖ್ಯೆ ದೊಡ್ಡದಾದಷ್ಟೂ ಅವು ವಿರಳ. ಯಾವ ಸಂಖ್ಯೆಯ ಬಳಿ ನಿಂತರೂ ಅದರ ಸಹಜ ಲಾಗರಿದಂ ಎಷ್ಟೋ ಅಷ್ಟಕ್ಕೆ ಸರಾಸರಿ ಒಂದು ಅವಿಭಾಜ್ಯ ಸಿಗುತ್ತದೆ ಎಂಬುದು 1896ರಲ್ಲಿ ಸಾಬೀತಾದ ಪ್ರಮೇಯ. ಆ ಲೆಕ್ಕದಲ್ಲಿ 309 ಅಂಕೆಗಳ ಎತ್ತರದಲ್ಲಿ 710ಕ್ಕೆ ಒಂದು. ಸಮಸಂಖ್ಯೆಗಳನ್ನು ಮೊದಲೇ ಬಿಟ್ಟರೆ 355ಕ್ಕೆ ಒಂದು. ಸಂಖ್ಯೆ ಅಷ್ಟೊಂದು ಬೆಳೆದರೂ ವಿರಳತೆ ಇಷ್ಟೇ ಇಷ್ಟು ಹೆಚ್ಚಿತು ಎಂಬುದೇ ಈ ಪ್ರಮೇಯದ ಸೊಗಸು. ಕಣ್ಣುಮುಚ್ಚಿ 309 ಅಂಕೆಯ ಬೆಸಸಂಖ್ಯೆಗಳನ್ನು ಆರಿಸುತ್ತಾ ಹೋದರೆ ಸಾಮಾನ್ಯವಾಗಿ ಕೆಲವು ನೂರರೊಳಗೆ ಒಂದು ಅವಿಭಾಜ್ಯ ಕೈಗೆ ಸಿಗುತ್ತದೆ. ಇಂಥವು ಮುಗಿದುಹೋಗುವ ಭಯವೂ ಬೇಡ. ಈ ಗಾತ್ರದಲ್ಲಿ ಅವುಗಳ ಸಂಖ್ಯೆಯನ್ನೇ ಬರೆಯಬೇಕೆಂದರೆ ಒಂದರ ಮುಂದೆ ಮುನ್ನೂರಕ್ಕೂ ಹೆಚ್ಚು ಸೊನ್ನೆ ಹಾಕಬೇಕು. ಕಾಣುವ ವಿಶ್ವದ ಪರಮಾಣುಗಳ ಅಂದಾಜಿಗೆ 80 ಸೊನ್ನೆ ಸಾಕು.

ಗುಣಾಕಾರ ಸುಲಭ, ಅದನ್ನು ಬಿಡಿಸುವುದು ಕಷ್ಟ ಎಂಬುದರ ಮೇಲೆ ಈ ಇಡೀ ವ್ಯವಸ್ಥೆ ನಿಂತಿದೆ. ಇದಕ್ಕೆ ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕೆಲವು ವಿಶೇಷ ಗುಣಾಕಾರಗಳನ್ನು ಕೊಟ್ಟಿದ್ದಾನೆ. ಉತ್ತರವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಕೊರಳ ಹಾರದ ಮಣಿಗಳಂತೆ. 139 × 109 = 15151. ಇನ್ನೊಂದು, 152207 × 73 = 11111111. ಇದನ್ನು ಗುಣಾಕಾರದ ಚಮತ್ಕಾರವೆಂದು ತೋರಿಸಿ ಚಪ್ಪಾಳೆ ಹೊಡೆಸುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಉಲ್ಟಾ ದಿಕ್ಕಿನ ಕೆಲಸ. ಎಂಟು ಒಂದುಗಳ ಸಾಲನ್ನು ಮುಂದಿಟ್ಟುಕೊಂಡು ಇದರಲ್ಲಿ 73 ಅಡಗಿದೆ ಎಂದು ಕಂಡುಕೊಳ್ಳದೆ ಆ ಲೆಕ್ಕ ಹುಟ್ಟುವುದು ಹೇಗೆ? ಉತ್ತರವನ್ನು ಮೊದಲು ಇಟ್ಟುಕೊಂಡು ಅಪವರ್ತನ ಹುಡುಕಿದ ಮನುಷ್ಯ ಅವನು. 15151ರ ಎರಡು ಅಪವರ್ತನಗಳಾದ 139 ಮತ್ತು 109 ಎರಡೂ ಅವಿಭಾಜ್ಯಗಳೇ. ಗುಣಿಸಲು ಅರ್ಧ ನಿಮಿಷ ಸಾಕು. ಮನೆಯಲ್ಲಿ ಯಾರಿಗಾದರೂ ಬರೀ 15151 ಕೊಟ್ಟು ಬಿಡಿಸಲು ಹೇಳಿ ನೋಡಿ, ಮಧ್ಯಾಹ್ನದ ಊಟದ ಹೊತ್ತಾಗುತ್ತದೆ.

ಅಮೆರಿಕದ ಫ್ರ್ಯಾಂಕ್ ನೆಲ್ಸನ್ ಕೋಲ್ 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಗಣಿತ ಸಭೆಯಲ್ಲಿ ಮಾಡಿದ್ದೂ ಇದನ್ನೇ. 2ರ 67ನೇ ಘಾತದಿಂದ 1 ಕಳೆದರೆ ಬರುವ 21 ಅಂಕೆಯ ಸಂಖ್ಯೆ ಅವಿಭಾಜ್ಯವೆಂದು ಹದಿನೇಳನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿ ಮರ್ಸೆನ್ ಪಟ್ಟಿ ಮಾಡಿದ್ದ. ಕೋಲ್ ಬೋರ್ಡಿನ ಮೇಲೆ ಆ ಸಂಖ್ಯೆ ಬರೆದರು, ಪಕ್ಕದಲ್ಲಿ 193707721 × 761838257287 ಎಂದು ಗುಣಿಸಿದರು. ಎರಡೂ ಉತ್ತರ ಒಂದೇ ಆಯಿತು. ಒಂದು ಮಾತೂ ಆಡದೆ ಹೋಗಿ ಕೂತರಂತೆ. ಕಂಡುಹಿಡಿಯಲು ಎಷ್ಟು ಕಾಲ ಹಿಡಿಯಿತು ಎಂದು ಕೇಳಿದ್ದಕ್ಕೆ ಮೂರು ವರ್ಷದ ಭಾನುವಾರಗಳು ಎಂದರಂತೆ. ಪುರವಣಿ ಓದುಗರಿಗೆ ಭಾನುವಾರದ ಬೆಲೆ ಹೇಳಬೇಕಿಲ್ಲ.

ಈ ಕಷ್ಟವನ್ನೇ ಬೀಗ ಮಾಡಬಹುದು ಎಂದು 1977ರಲ್ಲಿ ತೋರಿಸಿದವರು ಎಂಐಟಿಯ ರಿವೆಸ್ಟ್, ಶಮೀರ್, ಆಡಲ್ಮನ್. ಮೂವರ ಹೆಸರಿನ ಮೊದಲಕ್ಷರ ಸೇರಿ ಆರ್‌ಎಸ್‌ಎ ಆಯಿತು. ಬ್ರಿಟಿಷ್ ಬೇಹುಗಾರಿಕೆ ಸಂಸ್ಥೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಇದನ್ನು ಕಂಡುಕೊಂಡಿದ್ದರೂ ಸರ್ಕಾರಿ ಗುಟ್ಟಾದ್ದರಿಂದ ದಶಕಗಳ ಕಾಲ ಬಾಯಿಬಿಡುವಂತಿರಲಿಲ್ಲ. ವಿಧಾನವನ್ನು ಸಣ್ಣ ಅಂಕೆಗಳಲ್ಲಿ ಮಾಡಿ ನೋಡೋಣ, ಪೆನ್ನು ಕಾಗದ ಸಾಕು. 3 ಮತ್ತು 11 ನಮ್ಮ ಗುಟ್ಟಿನ ಅವಿಭಾಜ್ಯಗಳಾಗಿರಲಿ. ಗುಣಲಬ್ಧ 33ನ್ನು ಊರಿಗೆಲ್ಲ ಸಾರುತ್ತೇವೆ, ಜೊತೆಗೆ 3 ಎಂಬ ಘಾತವನ್ನೂ. ನೀವು ನನಗೆ 5 ಎಂಬ ಅಂಕೆಯನ್ನು ಗುಟ್ಟಾಗಿ ಕಳಿಸಬೇಕು. 5ರ ಘನ 125, ಅದನ್ನು 33ರಿಂದ ಭಾಗಿಸಿದರೆ ಶೇಷ 26. ನೀವು 26 ಎಂದು ಕೂಗಿ ಹೇಳಿದರೂ ಪರವಾಗಿಲ್ಲ. ನನ್ನ ಹತ್ತಿರ 7 ಎಂಬ ಖಾಸಗಿ ಕೀಲಿ ಇದೆ. 26ರ 7ನೇ ಘಾತ 803 ಕೋಟಿ 18 ಲಕ್ಷದ 10 ಸಾವಿರದ 176. ಇದನ್ನು 33ರಿಂದ ಭಾಗಿಸಿ ಶೇಷ ನೋಡಿ, 5 ಮರಳಿ ಬಂತು! ಆ 7 ಎಲ್ಲಿಂದ ಬಂತು? ಎರಡೂ ಅವಿಭಾಜ್ಯಗಳಿಂದ ಒಂದೊಂದು ಕಳೆದು ಗುಣಿಸಿದರೆ 2 × 10 = 20. ಬಹಿರಂಗದ 3ರಿಂದ ಗುಣಿಸಿದಾಗ 20ರ ಲೆಕ್ಕದಲ್ಲಿ ಶೇಷ 1 ಉಳಿಯಬೇಕು, 3 × 7 = 21. ಅಂದರೆ 33ನ್ನು 3 ಮತ್ತು 11 ಆಗಿ ಒಡೆಯಲು ಬಂದವನಿಗೆ ಕೀಲಿಯೂ ಸಿಕ್ಕಿತು. ಒಡೆಯಲು ಬಾರದವನ ಕೈಯಲ್ಲಿ ಉಳಿಯುವುದು 26 ಮಾತ್ರ. ಈ 33ರ ಜಾಗಕ್ಕೆ 617 ಅಂಕೆಯ ಸಂಖ್ಯೆ ಬಂದಾಗ ಅದು ಆಧಾರ್‌ನ ಬೀಗ.

ನೋಂದಣಿ ಕೇಂದ್ರದಲ್ಲಿ ನಾವು ಬೆರಳಿಟ್ಟಾಗ ನಡೆಯುವುದು ಇಷ್ಟು. ಬೆರಳಚ್ಚು, ಕಣ್ಣಿನ ಪಾಪೆ, ಫೋಟೊ, ವಿಳಾಸ ಎಲ್ಲವೂ ಒಂದು ಪೊಟ್ಟಣವಾಗುತ್ತದೆ. ಅದನ್ನು ಒಂದು ತಾತ್ಕಾಲಿಕ ಕೀಲಿಯಿಂದ ಮುಚ್ಚಿ, ಆ ಕೀಲಿಯನ್ನು ಪ್ರಾಧಿಕಾರದ ಬಹಿರಂಗ ಸಂಖ್ಯೆಯಿಂದ ಮತ್ತೆ ಮುಚ್ಚುತ್ತಾರೆ. ಆಮೇಲೆ ಆ ಪೊಟ್ಟಣವನ್ನು ತೆರೆಯಲು ಕಂಪ್ಯೂಟರ್ ಮುಂದೆ ಕೂತ ಆಪರೇಟರಿಗೂ ಬರುವುದಿಲ್ಲ. ಇದೇ ಯಂತ್ರವನ್ನು ತಿರುವಿ ಹಾಕಿದರೆ ಸಹಿ ಆಗುತ್ತದೆ. ಖಾಸಗಿ ಕೀಲಿಯಿಂದ ಮುಚ್ಚಿದ್ದನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತೆರೆದು, ಇದು ಇಂಥವರಿಂದಲೇ ಬಂದದ್ದು ಎಂದು ಖಾತ್ರಿ ಮಾಡಿಕೊಳ್ಳಬಹುದು.

ಆ ಸಹಿ ನಿಮ್ಮ ಮನೆಯಲ್ಲೇ ಇದೆ. ಆಧಾರ್ ಪತ್ರದ ಮೇಲಿನ ದೊಡ್ಡ ಕ್ಯೂಆರ್ ಚೌಕಕ್ಕೆ ಪ್ರಾಧಿಕಾರದ ಆ್ಯಪ್ ಬಿಟ್ಟು ಮಾಮೂಲಿ ಸ್ಕ್ಯಾನರ್ ಹಿಡಿಯಿರಿ. ಹೆಸರು, ವಿಳಾಸ ಏನೂ ಬರುವುದಿಲ್ಲ. ಬರುವುದು ಒಂದೇ ಒಂದು ಸಂಖ್ಯೆ, ಸಾವಿರಾರು ಅಂಕೆಗಳದ್ದು, ಬೆರಳಿನಿಂದ ತಳ್ಳುತ್ತಾ ಹೋದರೂ ಪರದೆಯ ಮೇಲೆ ಮುಗಿಯದಷ್ಟು ಉದ್ದ. ನಿಮ್ಮ ಹೆಸರು, ಹುಟ್ಟಿದ ದಿನ, ಚಿಕ್ಕ ಫೋಟೊ ಎಲ್ಲವನ್ನೂ ಕುಗ್ಗಿಸಿ ಒಂದೇ ಪೂರ್ಣಾಂಕವಾಗಿ ಬರೆದಿರುತ್ತಾರೆ. ಅದರ ಕೊನೆಯ 256 ಬೈಟುಗಳೇ ಪ್ರಾಧಿಕಾರದ ಸಹಿ. 256 × 8 = 2048, ಅದೇ ಬೀಗ. ಇ-ಆಧಾರ್ ಪಿಡಿಎಫ್‌ನಲ್ಲಿ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡು, ಇದು ನಕಲಿ ಇರಬೇಕೆಂದು ಸೈಬರ್ ಸೆಂಟರಿನಲ್ಲಿ ಜಗಳ ತೆಗೆಯುವವರನ್ನು ನೋಡಿರಬಹುದು. ಸಹಿಯನ್ನು ನಂಬಬೇಕೆಂದು ಆ ಕಂಪ್ಯೂಟರಿಗೆ ಯಾರೂ ಇನ್ನೂ ಹೇಳಿಲ್ಲ ಎಂದಷ್ಟೇ ಅದರ ಅರ್ಥ. ಗುಣಾಕಾರ ಸರಿಯಾಗಿಯೇ ಇರುತ್ತದೆ.

ಆಧಾರ್‌ನ 12 ಅಂಕೆಗಳಲ್ಲೂ ಇಂಥದೇ ಒಂದು ಕುಸುರಿ ಇದೆ. ಕೊನೆಯ ಅಂಕೆ ನಿಮ್ಮದಲ್ಲ, ಮೊದಲ 11 ಅಂಕೆಗಳಿಂದ ಲೆಕ್ಕ ಹಾಕಿ ಬಂದದ್ದು. ಯಾವ ಒಂದು ಅಂಕೆ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಕಂಪ್ಯೂಟರ್ ಅಲ್ಲೇ ಹಿಡಿಯುತ್ತದೆ. ಡಚ್ ಗಣಿತಜ್ಞ ಫೆರ್ಹೂಫ್ 1969ರಲ್ಲಿ ಕೊಟ್ಟ ವಿಧಾನ ಇದು. 11 ಅವಿಭಾಜ್ಯವಾದ್ದರಿಂದ ಅದರ ಶೇಷಗಳನ್ನು ಬಳಸಿದರೆ ಈ ಕೆಲಸ ಸಲೀಸು, ಹಳೆಯ ಪುಸ್ತಕಗಳ ಹತ್ತಂಕಿಯ ಐಎಸ್‌ಬಿಎನ್‌ನಲ್ಲಿ ಮಾಡಿದ್ದೂ ಅದನ್ನೇ. ಆದರೆ ಆಗ ಹನ್ನೊಂದನೆಯ ಚಿಹ್ನೆಯೊಂದು ಬೇಕಾಗುತ್ತದೆ, ಕೆಲವು ಪುಸ್ತಕಗಳ ಸಂಖ್ಯೆ ಎಕ್ಸ್ ಅಕ್ಷರದಲ್ಲಿ ಮುಗಿಯುವುದು ಅದಕ್ಕೇ. ನಮ್ಮ 10 ಅವಿಭಾಜ್ಯವಲ್ಲ. ಬರೀ ಹತ್ತು ಅಂಕೆಗಳಲ್ಲೇ ಕೆಲಸ ಮುಗಿಸಲು ಫೆರ್ಹೂಫ್ ಪಂಚಭುಜವನ್ನು ತಿರುಗಿಸುವ, ಮಗುಚುವ ಹತ್ತು ಬಗೆಗಳ ಮೊರೆಹೋದರು.

ಮತ್ತೆ 309 ಅಂಕೆಗಳಿಗೆ ಬರೋಣ. ಕಣ್ಣುಮುಚ್ಚಿ ಆರಿಸಿದ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಕೂತರೆ ವಿಶ್ವದ ವಯಸ್ಸು ನಮಗೇ ಸಾಲದು. ಇಲ್ಲಿ ನೆರವಿಗೆ ಬರುವುದು ಗಣಿತಜ್ಞ ಫರ್ಮಾ 1640ರಲ್ಲಿ ಗುರುತಿಸಿದ ಗುಣ. ಅವಿಭಾಜ್ಯವೊಂದನ್ನು ಘಾತವಾಗಿಟ್ಟು 2ನ್ನು ಏರಿಸಿ, 2 ಕಳೆಯಿರಿ. ಉಳಿದದ್ದು ಆ ಅವಿಭಾಜ್ಯದಿಂದ ಭಾಗವಾಗಲೇಬೇಕು. 7ಕ್ಕೆ ಮಾಡಿ ನೋಡಿ, 128 − 2 = 126 = 7 × 18. 9ಕ್ಕೆ ಮಾಡಿದರೆ 510 ಬರುತ್ತದೆ, 9ರಿಂದ ಭಾಗವಾಗುವುದಿಲ್ಲ. ಹಾಗಾಗಿ 9 ಅವಿಭಾಜ್ಯವಲ್ಲ ಎಂದು ಅದರ ಅಪವರ್ತನ ಹುಡುಕದೆಯೇ ತಿಳಿಯಿತು. ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದು ಬೇರೆ, ಹೇಗೆ ಒಡೆಯುತ್ತದೆ ಎಂದು ತಿಳಿಯುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲೇ ಇಂಟರ್ನೆಟ್ ಬ್ಯಾಂಕಿಂಗು, ಆಧಾರು ಎಲ್ಲವೂ ಬದುಕಿವೆ.

ಆದರೆ ಫರ್ಮಾ ಪರೀಕ್ಷೆಗೆ ಮಣ್ಣೆರಚುವ ಸಂಖ್ಯೆಗಳೂ ಇವೆ. ಅವುಗಳಲ್ಲೊಂದು ನಮಗೆಲ್ಲ ಪರಿಚಿತವಾದ 1729, ರಾಮಾನುಜನ್‌ರನ್ನು ನೋಡಲು ಗಣಿತಜ್ಞ ಹಾರ್ಡಿ ಬಂದ ಟ್ಯಾಕ್ಸಿಯ ನಂಬರು. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಎಂದು ರಾಮಾನುಜನ್ ಹೇಳಿದ್ದನ್ನು ಎಲ್ಲರೂ ಹೇಳುತ್ತಾರೆ. ಅದರ ಇನ್ನೊಂದು ಗುಣವನ್ನು ಹೇಳುವವರು ಕಡಿಮೆ. 1729 ಎಂದರೆ 7 × 13 × 19, ಆದರೂ ಫರ್ಮಾ ಪರೀಕ್ಷೆಯಲ್ಲಿ 2ರ ಬದಲು ಯಾವ ಸಂಖ್ಯೆಯನ್ನಿಟ್ಟರೂ ಇದು ಅವಿಭಾಜ್ಯದಂತೆಯೇ ನಟಿಸಿ ಪಾಸಾಗುತ್ತದೆ. ಇಂಥ ವೇಷಧಾರಿಗಳನ್ನು ಹಿಡಿಯಲು ಗ್ಯಾರಿ ಮಿಲ್ಲರ್ 1976ರಲ್ಲಿ, ಮೈಕೆಲ್ ರಾಬಿನ್ 1980ರಲ್ಲಿ ಪರೀಕ್ಷೆಯನ್ನು ಬಿಗಿಗೊಳಿಸಿದರು. ಈಗ ಒಂದು ಸುತ್ತಿನಲ್ಲಿ ವೇಷಧಾರಿ ತಪ್ಪಿಸಿಕೊಳ್ಳುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿಲ್ಲ. ನಲವತ್ತು ಸುತ್ತು ಓಡಿಸಿದರೆ ಆ ಸಂಭವ ಇಲ್ಲವೆನ್ನುವಷ್ಟು ಕಿರಿದು. ಸಾಧಾರಣ ಲ್ಯಾಪ್‌ಟಾಪ್ ಕಣ್ಣುಮಿಟುಕಿಸುವಷ್ಟರಲ್ಲಿ ಇದನ್ನು ಮುಗಿಸುತ್ತದೆ.

ಗಣಿತದವರಿಗೆ ‘ಇಲ್ಲವೆನ್ನುವಷ್ಟು’ ಎಂಬ ಮಾತು ಹಿಡಿಸುವುದಿಲ್ಲ. ಸಂಭವದ ಹಂಗಿಲ್ಲದೆ, ಖಚಿತವಾಗಿ, ಬೇಗ ಹೇಳುವ ವಿಧಾನ ಉಂಟೇ ಎಂಬ ಪ್ರಶ್ನೆಗೆ 2002ರ ಆಗಸ್ಟ್‌ನಲ್ಲಿ ಉತ್ತರ ಬಂದದ್ದು ಐಐಟಿ ಕಾನ್ಪುರದಿಂದ. ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲ್, ಆಗಷ್ಟೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಸೇರಿ ಬರೆದ ಆ ಪ್ರಬಂಧ ಇಷ್ಟು ಸರಳವಾಗಿತ್ತೆಂದರೆ, ಇದು ಇಷ್ಟು ದಿನ ಯಾರಿಗೂ ಹೇಗೆ ಹೊಳೆಯಲಿಲ್ಲ ಎಂದು ಜಗತ್ತಿನ ಪಂಡಿತರು ಬೆರಗಾದರು. 2006ರಲ್ಲಿ ಅದಕ್ಕೆ ಗೋಡೆಲ್ ಪ್ರಶಸ್ತಿ ಬಂತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಸೇರಿದರು. 2005ರಲ್ಲಿ ಆ ಕೇಂದ್ರ ಶುರುವಾದದ್ದು ಹೆಬ್ಬಾಳಕ್ಕೆ ಹತ್ತಿರದ ಸದಾಶಿವನಗರದಲ್ಲೇ. 2021ರ ಇನ್ಫೊಸಿಸ್ ಗಣಿತ ಪ್ರಶಸ್ತಿಯೂ ಅವರಿಗೇ ಸಂದಿತು. ತಮಾಷೆಯೆಂದರೆ ನಿಜವಾದ ಬೀಗ ಮಾಡುವವರು ಈ ವಿಧಾನವನ್ನು ಬಳಸುವುದಿಲ್ಲ, ಮಿಲ್ಲರ್-ರಾಬಿನ್‌ಗಿಂತ ಅದು ಬಹಳ ನಿಧಾನ. ಕಾನ್ಪುರದವರು ಗೆದ್ದದ್ದು ತತ್ವದ ಪ್ರಶ್ನೆಯನ್ನು.

ಹಾಗಾದರೆ ಬೀಗ ಭದ್ರ ತಾನೇ? ಅವಿಭಾಜ್ಯವನ್ನು ನಿಜಕ್ಕೂ ಕಣ್ಣುಮುಚ್ಚಿ ಆರಿಸಿದ್ದರೆ ಭದ್ರ. ಆರಿಸುವಾಗ ಸೋಮಾರಿತನ ಮಾಡಿದವರ ಕಥೆ ಬೇರೆ. 2012ರಲ್ಲಿ ಎರಡು ಸಂಶೋಧಕ ತಂಡಗಳು ಇಂಟರ್ನೆಟ್ಟಿನಲ್ಲಿ ಬಹಿರಂಗವಾಗಿದ್ದ ಲಕ್ಷಗಟ್ಟಲೆ ಕೀಲಿಗಳನ್ನು ಒಟ್ಟುಹಾಕಿ, ಎರಡೆರಡನ್ನೇ ಜೋಡಿಸಿ, ಹೈಸ್ಕೂಲಿನ ಮ.ಸಾ.ಅ. ಲೆಕ್ಕ ಹಾಕಿದವು. ಸಾವಿರಾರು ಕೀಲಿಗಳು ಸಿಡಿದುಹೋದವು. ಮಹಾವೀರನ ಸಂಖ್ಯೆಯಲ್ಲೇ ಮಾಡಿ ತೋರಿಸುತ್ತೇನೆ. ಒಬ್ಬನ ಬೀಗ 15151, ಇನ್ನೊಬ್ಬನದು 15707. ಬಿಡಿಬಿಡಿಯಾಗಿ ಎರಡೂ ಕಷ್ಟ. ಕಳೆಯಿರಿ, 556. 15151ನ್ನು 556ರಿಂದ ಭಾಗಿಸಿದರೆ ಶೇಷ 139. 556ನ್ನು 139ರಿಂದ ಭಾಗಿಸಿದರೆ ಶೇಷವಿಲ್ಲ. ಮುಗಿಯಿತು, ಇಬ್ಬರೂ 139ನ್ನೇ ಬಳಸಿದ್ದರು, ಎರಡು ಬೀಗವೂ ಒಟ್ಟಿಗೇ ತೆರೆದವು. 309 ಅಂಕೆಯ ಅವಿಭಾಜ್ಯಗಳು ಅಷ್ಟೊಂದು ಇರುವಾಗ ಇಬ್ಬರಿಗೆ ಒಂದೇ ಸಿಗುವುದು ಅಸಂಭವ. ಆದರೆ ಆ ಯಂತ್ರಗಳು ಅವಿಭಾಜ್ಯ ಆರಿಸುವಾಗ ಎಲ್ಲವೂ ಒಂದೇ ಜಾಗದಿಂದ ಹುಡುಕಲು ಶುರುಮಾಡಿದ್ದವು.

ಎಸ್ಟೋನಿಯಾದ ಕಥೆ ನಮಗೆ ಇನ್ನೂ ಹತ್ತಿರದ್ದು, ಅಲ್ಲಿಯೂ ಎಲ್ಲ ಪ್ರಜೆಗಳಿಗೆ ಗುರುತಿನ ಕಾರ್ಡಿದೆ. ಆ ಕಾರ್ಡಿನ ಚಿಪ್ ಒಳಗೇ ಅವಿಭಾಜ್ಯಗಳು ತಯಾರಾಗುತ್ತಿದ್ದವು. ಪುಟ್ಟ ಚಿಪ್ ಬೇಗ ಕೆಲಸ ಮುಗಿಸಲಿ ಎಂದು ತಯಾರಕರು ಒಂದು ಅಡ್ಡದಾರಿ ಹಿಡಿದಿದ್ದರು, ಒಂದು ನಿರ್ದಿಷ್ಟ ಆಕಾರದ ಅವಿಭಾಜ್ಯಗಳನ್ನು ಮಾತ್ರ ಹುಡುಕುವುದು. ಜೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಬರೀ ಬಹಿರಂಗ ಕೀಲಿಗಳನ್ನು ನೋಡಿಯೇ ಆ ಆಕಾರವನ್ನು ಗುರುತಿಸಿದರು. 2017ರ ನವೆಂಬರ್‌ನಲ್ಲಿ ಎಸ್ಟೋನಿಯಾ ಸರ್ಕಾರ ಸುಮಾರು ಏಳೂವರೆ ಲಕ್ಷ ಕಾರ್ಡುಗಳ ಕೀಲಿಗಳನ್ನು ಅಮಾನತಿನಲ್ಲಿಡಬೇಕಾಯಿತು. ಆ ದೇಶದ ಜನಸಂಖ್ಯೆಯೇ ಹದಿಮೂರು ಲಕ್ಷ. ಅಂಕೆಗಳು ಉದ್ದವಾಗಿದ್ದರೆ ಸಾಲದು, ಅವುಗಳಲ್ಲಿ ಯಾವ ಲಕ್ಷಣವೂ ಇರಬಾರದು.

ಇನ್ನು ವಿಶ್ವದ ವಯಸ್ಸು. ಅದು 1380 ಕೋಟಿ ವರ್ಷ. ಇಂಥ ಮಾತನ್ನು ಕೇಳಿದಾಗಲೆಲ್ಲ 1977ನ್ನು ನೆನೆಯುವುದು ಒಳ್ಳೆಯದು. ಆರ್‌ಎಸ್‌ಎ ಮೂವರು ಆಗ ಮಾರ್ಟಿನ್ ಗಾರ್ಡ್‌ನರ್ ಅವರ ಗಣಿತ ಅಂಕಣದ ಮೂಲಕ 129 ಅಂಕೆಯ ಸಂಖ್ಯೆಯೊಂದನ್ನು ಓದುಗರ ಮುಂದಿಟ್ಟು, ಒಡೆದವರಿಗೆ 100 ಡಾಲರ್ ಎಂದಿದ್ದರು. ಅದಕ್ಕೆ ಅಂದಾಜು ಮಾಡಿದ ಕಾಲ ನಾಲ್ಕರ ಮುಂದೆ ಹದಿನಾರು ಸೊನ್ನೆಯಷ್ಟು ವರ್ಷ, ವಿಶ್ವದ ವಯಸ್ಸಿಗಿಂತ ಲಕ್ಷಗಟ್ಟಲೆ ಪಟ್ಟು. ಹದಿನೇಳೇ ವರ್ಷಕ್ಕೆ, 1994ರ ಏಪ್ರಿಲ್‌ನಲ್ಲಿ, ಆರುನೂರರಷ್ಟು ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಜೋಡಿಸಿ ಅದನ್ನು ಒಡೆದರು. ಕಂಪ್ಯೂಟರ್ ವೇಗವಾದದ್ದು ಒಂದು ಕಾರಣ, ಅಪವರ್ತನ ಹುಡುಕುವ ಗಣಿತವೇ ಸುಧಾರಿಸಿದ್ದು ಅದಕ್ಕಿಂತ ದೊಡ್ಡ ಕಾರಣ. 2020ರ ಫೆಬ್ರುವರಿಯಲ್ಲಿ 250 ಅಂಕೆಯದ್ದು ಬಿತ್ತು, ಒಂದು ಪ್ರೊಸೆಸರ್ ಕೋರ್ 2700 ವರ್ಷ ದುಡಿಯಬೇಕಾದಷ್ಟು ಕೆಲಸ ಅದು. 617 ಅಂಕೆಗೆ ಇವತ್ತಿನ ಯಂತ್ರಗಳು ಹತ್ತಿರವೂ ಸುಳಿದಿಲ್ಲ. ಆ ಮಟ್ಟಿಗೆ ಪಾಂಡೆ ಹೇಳಿದ್ದು ಸರಿ. ಆದರೆ ದೊಡ್ಡ ಸಂಖ್ಯೆಯನ್ನು ಒಡೆಯುವುದು ಕಷ್ಟ ಎಂದು ಗಣಿತದಲ್ಲಿ ಇದುವರೆಗೆ ಯಾರೂ ಸಾಧಿಸಿಲ್ಲ. ನಮಗೆ ಗೊತ್ತಿರುವ ದಾರಿಗಳೆಲ್ಲ ಕಷ್ಟ, ಅಷ್ಟೇ. ನ್ಯಾಯಾಲಯದ ಮುಂದೆ ಇದನ್ನೂ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಇನ್ನೊಂದು ದಾರಿ 1994ರಲ್ಲೇ ಕಾಗದದ ಮೇಲೆ ಸಿಕ್ಕಿದೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಒಂದು ಕೈಗೆ ಬಂದರೆ ಅಪವರ್ತನ ಸುಲಭವಾಗುತ್ತದೆ ಎಂದು ಪೀಟರ್ ಶೋರ್ ತೋರಿಸಿದರು. 2048 ಬಿಟ್ ಒಡೆಯಲು ಎರಡು ಕೋಟಿ ಕ್ಯೂಬಿಟ್ (ಕ್ವಾಂಟಮ್ ಬಿಟ್) ಬೇಕೆಂದು 2019ರಲ್ಲಿ ಅಂದಾಜಿತ್ತು. ಗೂಗಲ್‌ನ ಕ್ರೇಗ್ ಗಿಡ್ನಿ 2025ರ ಮೇ ತಿಂಗಳಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಸಾಕು, ಒಂದು ವಾರದೊಳಗೆ ಮುಗಿಯುತ್ತದೆ ಎಂದು ಲೆಕ್ಕ ಕೊಟ್ಟರು. ಅಂಥ ಯಂತ್ರ ಇನ್ನೂ ಎಲ್ಲೂ ಇಲ್ಲ. ಆದರೂ ಅಮೆರಿಕದ ಮಾನಕ ಸಂಸ್ಥೆ ಹೊಸ ಬಗೆಯ ಬೀಗಗಳ ಮಾನಕಗಳನ್ನು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಅವುಗಳಲ್ಲಿ ಅವಿಭಾಜ್ಯಗಳ ಗುಣಾಕಾರದ ಸುಳಿವೇ ಇಲ್ಲ. 2048 ಬಿಟ್‌ನ ಆರ್‌ಎಸ್‌ಎಯನ್ನು 2030ರ ನಂತರ ಬಿಡುತ್ತಾ ಬರಬೇಕು, 2035ರ ನಂತರ ಬಳಸಲೇಬಾರದು ಎಂದು ಅದರ ಕರಡು ಹೇಳುತ್ತದೆ.

ಈ ಪಂದ್ಯದ ಎರಡೂ ಬದಿ ಉತ್ತರ ಬೆಂಗಳೂರಿನಲ್ಲೇ ಇರುವುದು ನೋಡಿ. ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಕಂಪ್ಯೂಟಿಂಗ್ ಕೇಂದ್ರ. ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಶಿ ಸಿನ್ಹಾ ಅವರ ತಂಡ ಅವಿಭಾಜ್ಯಗಳ ಹಂಗೇ ಬೇಡವೆಂದು, ಬೆಳಕಿನ ಕಣಗಳ ಮೂಲಕ ಕೀಲಿ ಕಳಿಸುವ ಪ್ರಯೋಗ ನಡೆಸುತ್ತಿದೆ. 2021ರಲ್ಲಿ ಅವರು ಎರಡು ಕಟ್ಟಡಗಳ ನಡುವೆ 50 ಮೀಟರ್ ಬಯಲಿನಲ್ಲಿ ಅದನ್ನು ಮಾಡಿ ತೋರಿಸಿದರು. ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿ ಕಟ್ಟಲು ರಾಜ್ಯ ಸರ್ಕಾರ 2025ರಲ್ಲಿ ಜಾಗ ಕೊಟ್ಟಿತು. ಎಷ್ಟು ಜಾಗ? 6.17 ಎಕರೆ. ಬೀಗಕ್ಕೆ 617 ಅಂಕೆ, ಅದನ್ನು ಒಡೆಯಬಲ್ಲ ವಿದ್ಯೆಗೆ 6.17 ಎಕರೆ. ಕಾಕತಾಳೀಯವೇ ಸರಿ, ಸಂಖ್ಯಾಶಾಸ್ತ್ರದವರ ಕಿವಿಗೆ ಬೀಳದಿರಲಿ.

ನನ್ನನ್ನು ನಿಜಕ್ಕೂ ಕಾಡುವುದು ಗಡುವುಗಳ ಲೆಕ್ಕ. ಪಾಸ್‌ವರ್ಡ್ ಕಳೆದರೆ ಹೊಸದು ಮಾಡಿಕೊಳ್ಳುತ್ತೇವೆ, ಬ್ಯಾಂಕ್ ಕಾರ್ಡಿಗೆ ಐದು ವರ್ಷಕ್ಕೆ ಮರುಜನ್ಮ. ಬೆರಳು ಹಾಗಲ್ಲ. ಆಧಾರ್ ನಿಯಮದಂತೆ ಮಕ್ಕಳ ಬೆರಳಚ್ಚನ್ನು ಐದನೇ ವಯಸ್ಸಿಗೆ ತೆಗೆದುಕೊಳ್ಳುತ್ತಾರೆ, ಹದಿನೈದಕ್ಕೆ ಮತ್ತೊಮ್ಮೆ. 2025ರಲ್ಲಿ ಯಲಹಂಕದ ಹದಿನೈದರ ಹುಡುಗಿ ಕೊಟ್ಟ ಬೆರಳಚ್ಚು ಅವಳ ಎಂಬತ್ತರವರೆಗೂ ಅದೇ. ಅದನ್ನು ಮುಚ್ಚಿ ಕಳಿಸಿದ ಬೀಗಕ್ಕೆ ಅವಳ ಇಪ್ಪತ್ತೈದನೇ ವಯಸ್ಸಿಗೆ ಆಯಸ್ಸು ಮುಗಿಯಬಹುದು. ಮುಚ್ಚಿದ ಪೊಟ್ಟಣವನ್ನು ಇವತ್ತು ಕದ್ದಿಟ್ಟುಕೊಂಡು, ತೆರೆಯುವ ಯಂತ್ರ ಬರುವವರೆಗೆ ಕಾಯುವ ಕಳ್ಳನಿಗೆ ಏನು ಹೇಳೋಣ?

ಅದು ಮುಂದಿನ ಮಾತು. ಇವತ್ತಿನ ಕಳ್ಳರು ಯಾರೂ 617 ಅಂಕೆ ಒಡೆಯಲು ಹೋಗುವುದಿಲ್ಲ, ಅವರಿಗೆ ಜೆರಾಕ್ಸ್ ಅಂಗಡಿ ಸಾಕು. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿ, ಆಧಾರ್ ನಕಲು ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ ಎಂದಿತ್ತು. ಜನ ಗಾಬರಿಯಾದರೆಂದು, ತಪ್ಪಾಗಿ ಅರ್ಥೈಸಬಹುದೆಂದು ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ಹಿಂಪಡೆದ ಆ ಪ್ರಕಟಣೆ ಗೋಡೆಯ ಮಾತಿಗಿಂತಲೂ ವಿಶ್ವದ ವಯಸ್ಸಿನ ಮಾತಿಗಿಂತಲೂ ಹೆಚ್ಚು ಉಪಯುಕ್ತವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಪ್ರಾಧಿಕಾರ ಆರ್‌ಎಸ್‌ಎಯಿಂದ ಹೊಸ ಬೀಗಕ್ಕೆ ಯಾವ ವರ್ಷ, ಹೇಗೆ ದಾಟುತ್ತದೆ ಎಂಬುದನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ, ನಮ್ಮಲ್ಲಿ ಕನ್ನಡದಲ್ಲಿ, ಹೇಳಬೇಕು. ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇಷ್ಟು: ಪ್ರಾಧಿಕಾರದ ಜಾಲತಾಣದಿಂದ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ, ಬಯೊಮೆಟ್ರಿಕ್ ಲಾಕ್ ಹಾಕಿಡಿ. ಎರಡೂ ಉಚಿತ.